ಓದಿ ಬಂದವರಿಗೆ ತರಗತಿಯಲ್ಲಿ ಕೆಲಸವಿರಲಿ

ಗಂಟೆ ಹೊಡೆಯಲು ಒಂದು ನಿಮಿಷ ಬಾಕಿ. ಹಾಜರಿ ಪುಸ್ತಕ ಮುಚ್ಚುತ್ತಾ ಅಧ್ಯಾಪಕರು ಹೇಳುತ್ತಾರೆ: "ನಾಳಿಗೆ ಮೂರನೇ ಚಾಪ್ಟರ್ ಓದ್ಕೊಂಡು ಬರ್ರಿ." ಹಿಂದಿನ ಬೆಂಚಿನವರು ಆಗಲೇ ಬ್ಯಾಗು ಹೆಗಲಿಗೇರಿಸಿ, ಜೇವರ್ಗಿ ಬಸ್ಸು ಸಿಗುತ್ತದೋ ಇಲ್ಲವೋ ಎಂಬ ಲೆಕ್ಕದಲ್ಲಿರುತ್ತಾರೆ. ಮರುದಿನ ಕೇಳಿದರೆ ಓದಿ ಬಂದವರು ಬೆರಳೆಣಿಕೆಯಷ್ಟು. "ಇರ್ಲಿ, ನಾನೇ ಹೇಳ್ತೀನಿ, ಬರ್ಕೊಳ್ರಿ" ಎಂದು ಅಧ್ಯಾಪಕರು ಅದೇ ಅಧ್ಯಾಯವನ್ನು ಮೊದಲ ಸಾಲಿನಿಂದ ಹೇಳಲು ಶುರು ಮಾಡುತ್ತಾರೆ.

ಓದು ನಿಂತುಹೋಗುವುದು ಆ ಕ್ಷಣದಲ್ಲೇ. ರಾತ್ರಿ ಕೂತು ಓದಿದ ಹುಡುಗಿ ಈಗ ಅದನ್ನೇ ಎರಡನೇ ಸಲ ಕೇಳುತ್ತಿದ್ದಾಳೆ. ಓದದೆ ಬಂದವರಿಗೆ ಅದೇ ವಿಷಯ ಒಪ್ಪವಾದ ನೋಟ್ಸ್ ಆಗಿ ಪುಕ್ಕಟೆ ಸಿಗುತ್ತಿದೆ. ಮುಂದಿನ ವಾರ ಆಕೆಯೂ ಓದುವುದಿಲ್ಲ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಸಮಯ ಕಡಿಮೆ ಇರುವ ಯಾರೇ ಆದರೂ ಮಾಡುವ ಸರಿಯಾದ ಲೆಕ್ಕ ಅದು. ಓದನ್ನು ಮರಳಿ ತರಬೇಕಾದರೆ ಈ ಲೆಕ್ಕವನ್ನೇ ತಿರುಗಿಸಬೇಕು. ಓದಿ ಬಂದವರಿಗೆ ತರಗತಿಯಲ್ಲಿ ಕೆಲಸ ಇರಬೇಕು, ಆ ಕೆಲಸ ಓದದೆ ಆಗದಂಥದ್ದಾಗಿರಬೇಕು, ಕೊಟ್ಟ ಓದು ಮಕ್ಕಳ ದಿನದೊಳಗೆ ಹಿಡಿಸಬೇಕು.

ಇದು ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳ ರೋಗ ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದಲ್ಲಿ ಬರ್ಚ್‌ಫೀಲ್ಡ್ ಮತ್ತು ಸ್ಯಾಪಿಂಗ್‌ಟನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾವುದೇ ಒಂದು ದಿನ ನಿಗದಿತ ಪಾಠ ಓದಿ ಬರುತ್ತಿದ್ದವರು ಸುಮಾರು ಮೂರರಲ್ಲಿ ಒಬ್ಬರು. 2004ರಲ್ಲಿ ಕ್ಲಂಪ್ ಮತ್ತು ಸಂಗಡಿಗರು ಮನೋವಿಜ್ಞಾನದ ವಿದ್ಯಾರ್ಥಿಗಳನ್ನು ಕೇಳಿದಾಗ, ತರಗತಿಗೆ ಮುಂಚೆ ಓದಿದ ಪಾಠ ಶೇ. 27ರ ಆಸುಪಾಸು, ಪರೀಕ್ಷೆಗೆ ಮುಂಚೆ ಓದಿದ್ದು ಶೇ. 70ರ ಆಸುಪಾಸು ಎಂದು ತಿಳಿಯಿತು. ಓದಲು ಬರುತ್ತದೆ, ಓದುತ್ತಾರೆ ಕೂಡ. ಆದರೆ ಓದಿನ ಅಗತ್ಯ ಯಾವತ್ತು ಬೀಳುತ್ತದೋ ಅವತ್ತು ಓದುತ್ತಾರೆ.

ಮೊದಲು ಅಳತೆ

"ಮೂರನೇ ಚಾಪ್ಟರ್" ಎಂದರೆ ಎಷ್ಟು ಹೊತ್ತಿನ ಕೆಲಸ? ಹೇಳಿದವರಿಗೂ ಗೊತ್ತಿರುವುದಿಲ್ಲ, ಕೇಳಿದವರಿಗೂ ಗೊತ್ತಿರುವುದಿಲ್ಲ. ಇಂಗ್ಲಿಷ್ ಬಲ್ಲ ವಯಸ್ಕರು ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲೇ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ. 2019ರಲ್ಲಿ ಮಾರ್ಕ್ ಬ್ರಿಸ್‌ಬಾರ್ಟ್ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಲೆಕ್ಕ ಇದು. ಪುಟಕ್ಕೆ 350 ಪದದಂತೆ 12 ಪುಟದ ಅಧ್ಯಾಯವೆಂದರೆ 4,200 ಪದ, ಅಂಥವರಿಗೆ ಹದಿನೆಂಟು ನಿಮಿಷ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಿ.ಕಾಂ.ಗೆ ಬಂದ ಚಿಂಚೋಳಿಯ ಹುಡುಗ ನಿಮಿಷಕ್ಕೆ ನೂರು ಪದ ಓದಿದರೂ ನಲವತ್ತೆರಡು ನಿಮಿಷ. ಅದೂ ಎಲ್ಲ ಪದಗಳ ಅರ್ಥ ಗೊತ್ತಿದ್ದರೆ.

ನಿಜವಾದ ತೊಡಕು ಆ 'ಗೊತ್ತಿದ್ದರೆ' ಎಂಬುದರಲ್ಲಿದೆ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರ ಮೇಲೆ ಹು ಮತ್ತು ನೇಷನ್ 2000ದಲ್ಲಿ ನಡೆಸಿದ ಅಧ್ಯಯನದಲ್ಲಿ, ಯಾರ ಸಹಾಯವೂ ಇಲ್ಲದೆ ಪಠ್ಯ ಅರ್ಥವಾಗಲು ಹೆಚ್ಚಿನವರಿಗೆ ಶೇ. 98ರಷ್ಟು ಪದಗಳು ಮೊದಲೇ ಗೊತ್ತಿರಬೇಕಾಯಿತು. 350 ಪದದ ಪುಟದಲ್ಲಿ ಇದರ ಅರ್ಥ ಏಳು ಹೊಸ ಪದ. ಹತ್ತಕ್ಕೆ ಒಂದು ಪದ ಗೊತ್ತಿಲ್ಲದಿದ್ದರೆ ಅದೇ ಪುಟದಲ್ಲಿ ಮೂವತ್ತೈದು. ಒಂದೊಂದಕ್ಕೂ ಮೊಬೈಲಿನಲ್ಲಿ ಅರ್ಧ ನಿಮಿಷ ಹುಡುಕಿದರೂ ಪುಟಕ್ಕೆ ಹದಿನೇಳು ನಿಮಿಷ ಬರೀ ಅರ್ಥಕ್ಕೇ ಹೋಗುತ್ತದೆ, ಹನ್ನೆರಡು ಪುಟಕ್ಕೆ ಮೂರು ತಾಸು ಮಿಕ್ಕುತ್ತದೆ. ಎರಡನೇ ಪುಟದಲ್ಲಿ ಪುಸ್ತಕ ಮುಚ್ಚಿದ ಹುಡುಗನಿಗೆ ಪ್ರೇರಣೆಯ ಭಾಷಣ ಬೇಕಿಲ್ಲ. ಅವನಿಗೆ ಬೇಕಿರುವುದು ಆ ಮೂವತ್ತೈದನ್ನು ಏಳಕ್ಕೆ ಇಳಿಸಿಕೊಡುವವರು.

ಆದ್ದರಿಂದ ಸೆಮಿಸ್ಟರಿನ ಮೊದಲ ವಾರ ಒಂದು ಕೆಲಸ ಮಾಡಿ. ಓದಿಸಬೇಕೆಂದಿರುವ ಪಠ್ಯದ ಒಂದೇ ಪುಟವನ್ನು ಝೆರಾಕ್ಸ್ ಮಾಡಿಸಿ ತರಗತಿಯಲ್ಲೇ ಹಂಚಿ. ಎಲ್ಲರೂ ಒಟ್ಟಿಗೆ ಮೌನವಾಗಿ ಓದಲು ಶುರು ಮಾಡಲಿ. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯಲಿ, ಮುಗಿದಾಗ ಬೋರ್ಡಿನ ಮೇಲೆ ನೀವು ಬರೆಯುತ್ತಿರುವ ನಿಮಿಷದ ಅಂಕಿಯನ್ನು ಹಾಳೆಯ ಮೂಲೆಯಲ್ಲಿ ಗುರುತಿಸಲಿ. ಹೆಸರು ಬೇಡ. ಹಾಳೆಗಳನ್ನು ನಿಮಿಷದ ಪ್ರಕಾರ ಜೋಡಿಸಿ. ಮೊದಲು ಮುಗಿಸಿದವರನ್ನೂ ನಡುವಿನವರನ್ನೂ ಬಿಟ್ಟು, ನಿಧಾನವಾಗಿ ಓದಿದ ಮೂರನೇ ಒಂದು ಭಾಗದವರ ನಿಮಿಷವನ್ನು ಹಿಡಿಯಿರಿ. ಅದು ಪುಟಕ್ಕೆ ಎಂಟು ನಿಮಿಷವಾದರೆ, ಮನೆಯಲ್ಲಿ ನಲವತ್ತು ನಿಮಿಷದ ಓದು ಎಂದರೆ ಐದು ಪುಟ, ಅಷ್ಟೇ. ಗೆರೆ ಎಳೆದ ಪದಗಳಲ್ಲಿ ಹೆಚ್ಚು ಹಾಳೆಗಳಲ್ಲಿ ಕಂಡವನ್ನು ಎತ್ತಿಕೊಂಡರೆ ಅರ್ಥ ಕೊಡಬೇಕಾದ ಪದಗಳ ಪಟ್ಟಿಯೂ ಕೈಗೆ ಬಂತು.

ನಲವತ್ತು ನಿಮಿಷ ಎಂಬುದೂ ಸುಮ್ಮನೆ ಹೇಳಿದ್ದಲ್ಲ. ಔರಾದ್, ಸುರಪುರ, ಅಫಜಲಪುರದ ಹಳ್ಳಿಗಳಿಂದ ಪಾಸಿನ ಮೇಲೆ ಬಸ್ಸಿನಲ್ಲಿ ಬಂದುಹೋಗುವವರ ದಿನದಲ್ಲಿ ಪ್ರಯಾಣ ಕಳೆದು, ಹೊಲ-ಮನೆಯ ಕೆಲಸ ಕಳೆದು ಉಳಿಯುವುದು ಒಂದೂವರೆ-ಎರಡು ತಾಸು. ಅದನ್ನು ಐದಾರು ಪೇಪರುಗಳು ಹಂಚಿಕೊಳ್ಳಬೇಕು. ಎಲ್ಲ ಅಧ್ಯಾಪಕರೂ ಸೋಮವಾರಕ್ಕೇ ಓದಲು ಕೊಟ್ಟರೆ ಯಾವುದೂ ಆಗುವುದಿಲ್ಲ. ಸ್ಟಾಫ್ ರೂಮಿನ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ಯಾವ ಪೇಪರಿನ ಓದು ಯಾವ ವಾರ ಎಂದು ಹಂಚಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ತೊಗರಿ ರಾಶಿಯ ದಿನಗಳಲ್ಲಿ, ಯಾದಗಿರಿ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ಉದ್ದದ ಪಾಠ ಇಡಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ತಗಡಿನ ಮನೆಯಲ್ಲಿ ಕೂತು ಓದಲಾಗದು. ಆಗ ಬೆಳಗಿನ ಮೊದಲ ತಾಸಿನಲ್ಲಿ, ತರಗತಿಯಲ್ಲೇ ಹದಿನೈದು ನಿಮಿಷ ಓದಿಸುವುದು ಮೇಲು.

ಪಠ್ಯವನ್ನು ಕೈಗೆ ಮುಟ್ಟಿಸುವುದರಲ್ಲೂ ತಪ್ಪುಗಳಾಗುತ್ತವೆ. ವಾಟ್ಸಾಪ್ ಗುಂಪಿಗೆ ಹಾಕಿದ ಪಿಡಿಎಫ್ ಅಡ್ಡಡ್ಡ ಸ್ಕ್ಯಾನ್ ಆಗಿರುತ್ತದೆ, ಹೆಬ್ಬೆರಳಿನ ನೆರಳಿನಲ್ಲಿ ಕೊನೆಯ ಸಾಲುಗಳು ಮುಳುಗಿರುತ್ತವೆ. 'ನುಡಿ' ತಂತ್ರಾಂಶದಲ್ಲಿ ಹಳೆಯ ಫಾಂಟಿನಿಂದ ಟೈಪ್ ಮಾಡಿದ ವರ್ಡ್ ಕಡತವನ್ನು ಹಾಗೇ ಕಳಿಸಿದರೆ ಮೊಬೈಲಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯುನಿಕೋಡ್‌ಗೆ ಬದಲಿಸಿ ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ. ಕಳಿಸುವ ಮುನ್ನ ನಿಮ್ಮದೇ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ. ಐದು ಪುಟಕ್ಕಿಂತ ಕಡಿಮೆಯಿದ್ದರೆ ಝೆರಾಕ್ಸ್ ಎಲ್ಲಕ್ಕಿಂತ ಒಳ್ಳೆಯದು. ಪೆನ್ಸಿಲ್ ಹಿಡಿದು ಗೆರೆ ಎಳೆಯಲು ಬರುತ್ತದೆ, ಚಾರ್ಜ್ ಬೇಕಿಲ್ಲ, ಬಸ್ಸಿನಲ್ಲೂ ತೆಗೆಯಬಹುದು.

ಒಂದು ಪುಟ, ಹತ್ತಿರದಿಂದ

ಮಾತು ಬರೀ ಮಾತಾಗಿ ಉಳಿಯದಿರಲು ಒಂದು ಪಾಠವನ್ನೇ ತೆಗೆದುಕೊಳ್ಳೋಣ. ರಾಜ್ಯಶಾಸ್ತ್ರದ ತರಗತಿ, ಹೈದರಾಬಾದ್-ಕರ್ನಾಟಕಕ್ಕೆ (ಈಗಿನ ಕಲ್ಯಾಣ ಕರ್ನಾಟಕ) ಅಭಿವೃದ್ಧಿಯ ಹಣ, ಶಿಕ್ಷಣ, ಉದ್ಯೋಗದಲ್ಲಿ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಈ ಭಾಗದ ಬಹುತೇಕ ವಿದ್ಯಾರ್ಥಿಗಳ ಪ್ಲಾಸ್ಟಿಕ್ ಫೈಲಿನಲ್ಲಿ ಮಾರ್ಕ್ಸ್ ಕಾರ್ಡಿನ ಹಿಂದೆಯೇ ಅದರ ಸರ್ಟಿಫಿಕೇಟ್ ಇರುತ್ತದೆ. ಆದರೆ ವಿಧಿಯನ್ನು ಓದಿದವರು ಕಡಿಮೆ. ಇಂಗ್ಲಿಷಿನಲ್ಲಿ ಅದು ಒಂದು ಪುಟ ಮಾತ್ರ: ಮೊದಲ ಖಂಡದಲ್ಲಿ ಮೂರು ಉಪಖಂಡ, ಎರಡನೆಯದರಲ್ಲಿ ಎರಡು. ಇಷ್ಟು ದಟ್ಟವಾದ ಒಂದು ಪುಟವೇ ನಲವತ್ತು ನಿಮಿಷದ ಓದು.

ಕೊಡುವ ದಿನ ತರಗತಿಯ ಕೊನೆಯ ಏಳೆಂಟು ನಿಮಿಷ ಇದಕ್ಕೇ ಮೀಸಲಿಡಿ. ಗಂಟೆ ಹೊಡೆದ ಮೇಲೆ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಹಾಳೆ ಹಂಚಿ ಮೊದಲ ವಾಕ್ಯವನ್ನು ನೀವೇ ಗಟ್ಟಿಯಾಗಿ ಓದಿ, ಖಂಡಗಳು ಎಲ್ಲಿ ಒಡೆಯುತ್ತವೆ ಎಂದು ತೋರಿಸಿ. ಹಾಳೆಯ ಬೆನ್ನಿಗೆ ಎಂಟು-ಹತ್ತು ಪದಗಳ ಕನ್ನಡ ಅರ್ಥ ಇರಲಿ: ಈಕ್ವಿಟಬಲ್ ಎಂದರೆ ನ್ಯಾಯೋಚಿತ, ಡೊಮಿಸೈಲ್ ಎಂದರೆ ಕಾಯಂ ವಾಸ, ಹೀಗೆ. ಇಲ್ಲಿ ಮಕ್ಕಳನ್ನು ಎಡವಿಸುವುದು ಕಷ್ಟದ ಪದಗಳಿಗಿಂತ ಗೊತ್ತಿದೆ ಎಂದುಕೊಂಡ ಪದಗಳೇ. 'ಸಬ್ಜೆಕ್ಟ್' ಎಂದರೆ ಅವರಿಗೆ ಹಿಸ್ಟರಿ, ಎಕನಾಮಿಕ್ಸ್. 'ಸಬ್ಜೆಕ್ಟ್ ಟು' ಎಂದರೆ 'ಒಳಪಟ್ಟು' ಎಂದು ಬರೆದುಕೊಡದಿದ್ದರೆ ಇಡೀ ವಾಕ್ಯ ತಲೆಕೆಳಗಾಗುತ್ತದೆ. 'ಆರ್ಡರ್' ಎಂಬುದೂ ಹಾಗೆಯೇ. ಇಲ್ಲಿ ಅದು ಆದೇಶ, ಕ್ರಮವಲ್ಲ.

ಹಾಳೆಯ ಕೆಳಗೆ ಪ್ರಶ್ನೆ ಮೂರೇ ಇರಲಿ. ಪ್ರಶ್ನೆ ಹೇಗಿದೆ ಎಂಬುದರ ಮೇಲೆ ಓದು ನಡೆಯುತ್ತದೋ ಇಲ್ಲವೋ ಎಂಬುದು ನಿಂತಿದೆ. "371(ಜೆ) ವಿಧಿಯ ಮಹತ್ವವನ್ನು ವಿವರಿಸಿ" ಎಂದು ಕೇಳಿದರೆ ಗೈಡಿನಲ್ಲಿ ಉತ್ತರ ಸಿದ್ಧವಾಗಿದೆ, ಮೊಬೈಲಿನ ಎಐ ಅರೆಕ್ಷಣದಲ್ಲಿ ಬರೆದುಕೊಡುತ್ತದೆ, ಒಬ್ಬರು ಬರೆದದ್ದು ಗುಂಪಿನಲ್ಲಿ ತೊಂಬತ್ತು ಜನರಿಗೆ ಹೋಗುತ್ತದೆ. ಬದಲಿಗೆ ಹೀಗೆ ಕೇಳಬಹುದು.

ಮೊದಲನೆಯದು: ಮೀಸಲಾತಿಯ ಶೇಕಡಾವಾರು ಎಷ್ಟೆಂದು ಈ ವಿಧಿ ಯಾವ ಸಾಲಿನಲ್ಲಿ ಹೇಳುತ್ತದೆ? ಓದದವರು ತಾವು ಕೇಳಿ ಬಲ್ಲ 70, 80 ಎಂಬ ಅಂಕಿ ಬರೆಯುತ್ತಾರೆ. ಓದಿದವರಿಗೆ ಗೊತ್ತಾಗುತ್ತದೆ, ಅಲ್ಲಿ ಅಂಕಿಯೇ ಇಲ್ಲ. 'ಒಂದು ಪ್ರಮಾಣ' ಎಂದಷ್ಟೇ ಇದೆ. ಎರಡನೆಯದು: "ಇಡೀ ರಾಜ್ಯದ ಅಗತ್ಯಗಳಿಗೆ ಒಳಪಟ್ಟು" ಎಂಬರ್ಥದ ಮಾತು ಎಷ್ಟು ಕಡೆ ಬಂದಿದೆ, ಅದನ್ನು ತೆಗೆದುಹಾಕಿದರೆ ನಮಗೆ ಏನು ಬದಲಾಗುತ್ತದೆ? ಅದು ಬರುವುದು ಎರಡು ಕಡೆ, ಹಣದ ಹಂಚಿಕೆಯ ಉಪಖಂಡದಲ್ಲಿ ಮತ್ತು ಉದ್ಯೋಗ-ಶಿಕ್ಷಣದ ಉಪಖಂಡದಲ್ಲಿ. ಎಣಿಸಬೇಕಾದರೆ ಪುಟವನ್ನು ಕಣ್ಣಿಟ್ಟು ಓದಲೇಬೇಕು. ಮೂರನೆಯದು: ಆಳಂದದ ಮನೆ, ತಾಯಿಯ ತವರು ಸೊಲ್ಲಾಪುರ. ಬಾಣಂತನ ತವರಿನಲ್ಲಿ ಆದದ್ದರಿಂದ ಮಗಳು ಹುಟ್ಟಿದ್ದು ಸೊಲ್ಲಾಪುರದಲ್ಲಿ, ಬೆಳೆದದ್ದೆಲ್ಲ ಆಳಂದದಲ್ಲಿ. ವಿಧಿಯ ಯಾವ ಪದ ಅವಳ ಪರವಾಗಿದೆ?

ಈ ಕೊನೆಯ ಪ್ರಶ್ನೆ ಕೇಳಿದಾಗ ತರಗತಿಯ ಮುಖ ಬದಲಾಗುತ್ತದೆ, ಯಾಕೆಂದರೆ ಅಂಥವರು ಅಲ್ಲೇ ಕೂತಿರುತ್ತಾರೆ. 'ಹುಟ್ಟಿನಿಂದ ಅಥವಾ ವಾಸದಿಂದ' ಎಂಬಲ್ಲಿನ ಪುಟ್ಟ 'ಅಥವಾ' ಎಷ್ಟು ದೊಡ್ಡದು ಎಂಬುದು ಗೈಡಿನಲ್ಲಿ ಸಿಗುವುದಿಲ್ಲ. ವಿಷಯಕ್ಕೂ ತಮ್ಮ ಬದುಕಿಗೂ ಇರುವ ಗಂಟು ಕಾಣದೆ ಓದು ಎಂದರೆ ಯಾರೂ ಓದುವುದಿಲ್ಲ. ಆ ಗಂಟನ್ನು ಭಾಷಣದಲ್ಲಿ ಹೇಳಿದರೆ ಸಾಲದು, ಪ್ರಶ್ನೆಯೊಳಗೇ ಕಟ್ಟಬೇಕು. ಬಿ.ಎಸ್ಸಿ., ಬಿ.ಕಾಂ. ಪಾಠಗಳಿಗೂ ಇದೇ ದಾರಿ: ಪುಟದಲ್ಲಿರುವ ಒಂದು ಚಿತ್ರ, ಒಂದು ಕೋಷ್ಟಕ, ಒಂದು ಲೆಕ್ಕದ ನಡುವಿನ ಹಂತ ಹಿಡಿದು, "ಇಲ್ಲಿ ಈ ಅಂಕಿ ಎಲ್ಲಿಂದ ಬಂತು?" ಎಂದು ಕೇಳಿದರೆ ಪುಟ ತೆರೆಯದೆ ಉತ್ತರ ಬರದು.

ಮರುದಿನದ ಐವತ್ತು ನಿಮಿಷ

ಒಳಗೆ ಬಂದ ಕೂಡಲೇ ಚೀಟಿ. ಎ4 ಹಾಳೆಯನ್ನು ನಾಲ್ಕು ಮಾಡಿದರೆ ಒಂದು ಚೀಟಿ. ತೊಂಬತ್ತು ಜನರಿಗೆ ಇಪ್ಪತ್ಮೂರು ಹಾಳೆ ಸಾಕು. ಮೂರರಲ್ಲಿ ಒಂದು ಪ್ರಶ್ನೆಯನ್ನು ಬೋರ್ಡಿಗೆ ಬರೆದು ಐದು ನಿಮಿಷ ಕೊಡಿ. ಪಠ್ಯ ಮುಚ್ಚಿರಬೇಕು, ಮೊಬೈಲು ಬ್ಯಾಗಿನಲ್ಲಿರಬೇಕು. ಉತ್ತರ ಎರಡು-ಮೂರು ಸಾಲು, ಯಾವ ಭಾಷೆಯಲ್ಲಾದರೂ ಸರಿ. ಬೀದರಿನ ತರಗತಿಯಲ್ಲಿ ಮನೆಯಲ್ಲಿ ಮರಾಠಿ, ಉರ್ದು, ಲಂಬಾಣಿ, ತೆಲುಗು ಆಡುವವರು ಒಟ್ಟಿಗೆ ಕೂತಿರುತ್ತಾರೆ. ಇಲ್ಲಿ ಪರೀಕ್ಷಿಸುತ್ತಿರುವುದು ಓದಿದ್ದಾರೆಯೇ ಎಂಬುದನ್ನು, ಇಂಗ್ಲಿಷ್ ಬರವಣಿಗೆಯನ್ನಲ್ಲ.

ಈ ಚೀಟಿ ಕಾವಲಿನ ಸಾಧನ ಮಾತ್ರವಲ್ಲ. ಓದಿದ್ದನ್ನು ನೆನಪಿನಿಂದ ಎತ್ತಿ ಬರೆಯುವುದೇ ಕಲಿಕೆಯ ಗಟ್ಟಿ ಭಾಗ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಒಂದು ಗುಂಪಿಗೆ ಪಠ್ಯವನ್ನು ಎರಡು ಸಲ ಓದಿಸಿದರು, ಇನ್ನೊಂದಕ್ಕೆ ಒಂದು ಸಲ ಓದಿಸಿ, ನೆನಪಿದ್ದದ್ದನ್ನು ಬರೆಸಿದರು. ಐದು ನಿಮಿಷದ ಬಳಿಕ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಬರೆದವರ ನೆನಪಿನಲ್ಲಿ ಉಳಿದದ್ದು ಸುಮಾರು ಶೇ. 56, ಎರಡು ಸಲ ಓದಿದವರಲ್ಲಿ ಶೇ. 42. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ, ತಿಂಗಳುಗಳ ಮೇಲೆ. ಇದನ್ನು ವಿದ್ಯಾರ್ಥಿಗಳಿಗೂ ಬಿಡಿಸಿ ಹೇಳಬೇಕು. ಚೀಟಿ ತಮ್ಮನ್ನು ಹಿಡಿಯಲಿಕ್ಕೆ ಎಂದುಕೊಂಡವರು ನಕಲು ಮಾಡುತ್ತಾರೆ, ತಮಗೇ ಉಪಯೋಗ ಎಂದು ತಿಳಿದವರು ಬರೆಯುತ್ತಾರೆ.

ನಂತರ ಪಕ್ಕದವರೊಡನೆ ಹತ್ತು ನಿಮಿಷ, ಈಗ ಪಠ್ಯ ತೆರೆದುಕೊಂಡು: ಇಬ್ಬರ ಉತ್ತರ ಬೇರೆಯಾದರೆ ಯಾವ ಸಾಲು ಯಾರ ಪರ ಎಂದು ಬೆರಳಿಟ್ಟು ತೋರಿಸಬೇಕು. ಆಮೇಲೆ ಇಡೀ ತರಗತಿಯ ಚರ್ಚೆ. ಅಧ್ಯಾಪಕರ ವಿವರಣೆ ಬರುವುದು ಇದರ ಬಳಿಕ, ಅದೂ ಎಲ್ಲಿ ಸಿಕ್ಕಿಬಿದ್ದಿದ್ದಾರೋ ಅಷ್ಟಕ್ಕೇ. ಮೊದಲ ಸಾಲಿನಿಂದ ಮತ್ತೆ ಹೇಳಬಾರದು. ಇಡೀ ವಿಧಾನದಲ್ಲಿ ಅತಿ ಕಷ್ಟದ ಭಾಗ ಇದೇ, ಕಷ್ಟ ಅಧ್ಯಾಪಕರಿಗೆ. ಎರಡನೇ-ಮೂರನೇ ವಾರ ಅರ್ಧ ತರಗತಿ ಮಿಕಮಿಕ ನೋಡುತ್ತಿರುತ್ತದೆ, "ಸರ್, ನೋಟ್ಸ್ ಕೊಡ್ರಿ" ಎಂಬ ಒತ್ತಾಯ ಹೆಚ್ಚುತ್ತದೆ, ಸಿಲಬಸ್ ಹಿಂದೆ ಬೀಳುವ ಹೆದರಿಕೆಯೂ ಇರುತ್ತದೆ. ಅಲ್ಲಿ ಮನಸ್ಸು ಕರಗಿ ಒಮ್ಮೆ ಡಿಕ್ಟೇಷನ್ ಕೊಟ್ಟರೆ ಮೊದಲ ಎರಡು ವಾರದ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಪೂರ್ತಿ ಬಿಡಲಾಗದಿದ್ದರೆ ಒಂದು ನಡುದಾರಿ ಇದೆ: ಚರ್ಚೆ ಮುಗಿದ ಮೇಲೆ ಕೊನೆಯ ಎಂಟು ನಿಮಿಷದಲ್ಲಿ ವಿದ್ಯಾರ್ಥಿಗಳ ಬಾಯಿಂದಲೇ ಐದು ಅಂಶ ತೆಗೆಸಿ ಬೋರ್ಡಿಗೆ ಬರೆಯಿರಿ. ನೋಟ್ಸ್ ಸಿಕ್ಕಿತು, ಅದು ಬಂದದ್ದು ಓದಿದವರಿಂದ.

ಓದದೆ ಬಂದವರನ್ನು ಎಬ್ಬಿಸಿ ನಿಲ್ಲಿಸುವುದು, ಹೊರಗೆ ಕಳಿಸುವುದು ಬೇಡ. ನಿಂತವನು ಮುಂದಿನ ವಾರ ಓದಿ ಬರುವುದಿಲ್ಲ, ಬರುವುದನ್ನೇ ಬಿಡುತ್ತಾನೆ. ಅವರಿಗೆ ಮೂಲೆಯಲ್ಲಿ ಹತ್ತು ನಿಮಿಷ ಕೊಟ್ಟು ಓದಿಸಿ, ಮತ್ತೆ ಸೇರಿಸಿಕೊಳ್ಳಿ. ಚರ್ಚೆ ಆಗಲೇ ಮುಂದೆ ಹೋಗಿರುತ್ತದೆ. ಆ ಕೊರತೆ ಅವರಿಗೇ ತಿಳಿಯುತ್ತದೆ.

ಅಂಕದ ವಿಷಯ. ಆಂತರಿಕ ಮೌಲ್ಯಮಾಪನ 20 ಅಂಕದ್ದಾದರೆ ಐದನ್ನು ಚೀಟಿಗಳಿಗೆ ಇಡಬಹುದು. ಸೆಮಿಸ್ಟರಿಗೆ 14 ಚೀಟಿ, ಒಂದಕ್ಕೆ ಒಂದು ಅಂಕ, ಉತ್ತಮವಾದ 10ನ್ನು ಹಿಡಿದು ಅರ್ಧ ಮಾಡಿದರೆ ಐದು. ನಾಲ್ಕು ಬಿಟ್ಟುಕೊಡುವುದು ಔದಾರ್ಯದಿಂದಲ್ಲ. ಜ್ವರ, ಮದುವೆ, ಕೆಟ್ಟುನಿಂತ ಬಸ್ಸು ಎಂಬ ಕಾರಣಗಳನ್ನು ಒಂದೊಂದಾಗಿ ವಿಚಾರಿಸಿ ತೂಗುವ ತಾಪತ್ರಯ ತಪ್ಪುತ್ತದೆ, ಮರುಪರೀಕ್ಷೆಯ ಮಾತೂ ಬರುವುದಿಲ್ಲ. ಐದಕ್ಕಿಂತ ಹೆಚ್ಚು ಇಟ್ಟರೆ ಹೆದರಿಕೆ ಶುರುವಾಗುತ್ತದೆ, ನಕಲೂ ಶುರುವಾಗುತ್ತದೆ. ಏನೂ ಇಡದಿದ್ದರೆ ನಾಲ್ಕನೇ ವಾರಕ್ಕೆ ಚೀಟಿ ಕಾಟಾಚಾರವಾಗುತ್ತದೆ. ತಿದ್ದಲು ಹೆದರಬೇಕಿಲ್ಲ: ಒಂದಕ್ಕೆ ಹತ್ತು ಸೆಕೆಂಡಿನಂತೆ ತೊಂಬತ್ತು ಚೀಟಿಗೆ ಹದಿನೈದು ನಿಮಿಷ. ಓದಿದ್ದಾರೆ, ಅರ್ಧ ಓದಿದ್ದಾರೆ, ಓದಿಲ್ಲ ಎಂದು ಮೂರು ಕಟ್ಟು ಮಾಡಿ ಒಂದು, ಅರ್ಧ, ಸೊನ್ನೆ ಹಾಕಿದರೆ ಮುಗಿಯಿತು. ಎರಡು-ಮೂರು ಕಾಲೇಜಿಗೆ ಓಡಾಡುವ ಅತಿಥಿ ಉಪನ್ಯಾಸಕರಿಗೆ ಇದೂ ಹೊರೆಯೇ. ಅವರು ವಾರಕ್ಕೊಂದರ ಬದಲು ಎರಡು ವಾರಕ್ಕೊಂದು ಓದು ಇಟ್ಟುಕೊಂಡು, ಏಳು ಚೀಟಿಯಲ್ಲಿ ಐದು ಹಿಡಿಯಲಿ.

ಪಠ್ಯ ಉದ್ದವಿದ್ದು ಕಡಿಮೆ ಮಾಡಲಾಗದಿದ್ದರೆ ಹಂಚಿಕೊಂಡು ಓದುವ ವಿಧಾನ ಇದೆ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಶಾಲಾ ಮಕ್ಕಳಿಗಾಗಿ ರೂಪಿಸಿದ್ದು ಇದು: ಪಾಠವನ್ನು ಭಾಗ ಮಾಡಿ (ನಮಗೆ ನಾಲ್ಕು ಸಾಕು) ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು, ಒಂದೇ ಭಾಗ ಓದಿದವರು ಮೊದಲು ಒಟ್ಟಿಗೆ ಕೂತು ತಮ್ಮ ಭಾಗವನ್ನು ಗಟ್ಟಿ ಮಾಡಿಕೊಳ್ಳುವುದು, ಆಮೇಲೆ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಹೇಳಿಕೊಡುವುದು. ಗೆಳತಿಯರಿಗೆ ತನ್ನಿಂದ ತೊಂದರೆಯಾಗಬಾರದು ಎಂಬ ಕಾಳಜಿ ಅಂಕಕ್ಕಿಂತ ಬಲವಾಗಿ ಓದಿಸುತ್ತದೆ. ನಮ್ಮ ತರಗತಿಗಳಲ್ಲಿ ಇದು ಕೆಡುವುದು ಗೈರುಹಾಜರಿಯಿಂದ. ಒಬ್ಬ ಬರದಿದ್ದರೆ ಪಾಠದ ಕಾಲು ಭಾಗವೇ ಮಾಯ. ಆದ್ದರಿಂದ ಗುಂಪಿಗೆ ಐವರನ್ನು ಹಾಕಿ, ಅತಿ ಕಷ್ಟದ ಭಾಗವನ್ನು ಇಬ್ಬರಿಗೆ ಕೊಡಿ. ಕದಲಿಸಲಾಗದ ಬೆಂಚುಗಳ ಕೊಠಡಿಯಾದರೆ ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ಕೂತರೆ ಆಯಿತು.

ಐದಾರು ವಾರ ಕಳೆದ ಮೇಲೆ ಚೀಟಿಗಳ ಕಟ್ಟುಗಳೇ ವರದಿ ಕೊಡುತ್ತವೆ. ಒಂದು ವಾರ 'ಓದಿಲ್ಲ' ಕಟ್ಟು ಇದ್ದಕ್ಕಿದ್ದಂತೆ ದಪ್ಪವಾದರೆ ಮಕ್ಕಳನ್ನು ಬೈಯುವ ಮುನ್ನ ಪಠ್ಯವನ್ನು ನೋಡಿ: ಉದ್ದವಾಯಿತೇ, ಪದಪಟ್ಟಿ ಮರೆತಿರೇ, ಅದೇ ವಾರ ಬೇರೆ ಪೇಪರಿನ ಟೆಸ್ಟ್ ಇತ್ತೇ? 'ಅರ್ಧ' ಕಟ್ಟು ದಪ್ಪವಿದ್ದರೆ ಓದಿದ್ದಾರೆ, ಅರ್ಥವಾಗಿಲ್ಲ. ಅಲ್ಲಿ ನಿಮ್ಮ ವಿವರಣೆ ಬೇಕು.

371(ಜೆ) ಓದಿಸಿದ ದಿನ ಕೊನೆಗೆ ಒಂದು ಪ್ರಶ್ನೆ ವಿದ್ಯಾರ್ಥಿಗಳಿಂದಲೇ ಏಳುತ್ತದೆ: "ವಿಧಿಯೊಳಗ ಪರ್ಸೆಂಟೇಜ್ ಇಲ್ಲಂದ್ರ, ನಮಗ ಸಿಗೋದು ಎಲ್ಲಿಂದ ಬಂತ್ರಿ ಮೇಡಂ?" ಉತ್ತರ ಹೇಳಬೇಡಿ. ಅದು ಇರುವುದು ವಿಧಿಯ ಅಡಿಯಲ್ಲಿ 2013ರಲ್ಲಿ ಹೊರಬಿದ್ದ ಆದೇಶಗಳಲ್ಲಿ. ಅದರ ಎರಡು ಪುಟ ಝೆರಾಕ್ಸ್ ಮಾಡಿಸಿ ಮೊದಲೇ ಮೇಜಿನ ಮೇಲೆ ಇಟ್ಟುಕೊಂಡಿದ್ದರೆ, ಮುಂದಿನ ವಾರದ ಓದನ್ನು ಕೇಳಿದವರ ಕೈಗೇ ಮೊದಲು ಕೊಡಬಹುದು.